ನೀಲಿ ಜಗ್ಗಿಗೆ ನಾನು ಕಟ್ಟಿದ ಕತೆ

ನಮ್ಮ ವಂಶದ ಗಂಡಸರಿಗೆ ಒಂದು ಕಾಯಿಲೆ ಇದೆ. ಸಕ್ಕರೆ ಕಾಯಿಲೆಯೂ ಇದೆ, ಅದರ ಮಾತು ಬೇರೆ. ನಾನು ಹೇಳುತ್ತಿರುವುದು ‘ಗೊತ್ತಿಲ್ಲ’ ಅನ್ನಲು ಬಾರದ ಕಾಯಿಲೆ. ಯಾರಾದರೂ ಏನಾದರೂ ಕೇಳಿದರೆ ಸಾಕು, ನಮ್ಮ ಬಾಯಿಂದ ಉತ್ತರ ಹೊರಟುಬಿಡುತ್ತದೆ. ಅದು ಸರಿಯೋ ತಪ್ಪೋ ಎಂದು ನಮಗೇ ತಿಳಿಯುವುದು ಆಮೇಲೆ. ಎಷ್ಟೋ ಸಲ ಆಮೇಲೂ ತಿಳಿಯುವುದಿಲ್ಲ.

ನನಗೆ ಇದು ಅಣ್ಣನಿಂದ ಬಂದದ್ದು. ನಾವು ಮಕ್ಕಳೆಲ್ಲ ಅಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಮೈಸೂರಿನ ನಮ್ಮ ಬಾಡಿಗೆ ಮನೆಯ ಮುಂದೆ ಎರಡು ಮೆಟ್ಟಿಲು, ಪಕ್ಕದಲ್ಲೊಂದು ಮೋಟು ಕಟ್ಟೆ. ಸಂಜೆ ಕಚೇರಿಯಿಂದ ಬಂದು, ಕಾಫಿ ಕುಡಿದು ಅಣ್ಣ ಅಲ್ಲಿ ಕೂತರೆಂದರೆ ಬೀದಿಯಲ್ಲಿ ವಿಳಾಸ ಹುಡುಕಿಕೊಂಡು ಬರುವವರೆಲ್ಲ ನೇರವಾಗಿ ಅವರಿಗೇ ಸಿಗುತ್ತಿದ್ದರು. ಒಮ್ಮೆ ತಿಪಟೂರಿನ ಕಡೆಯ ಒಂದು ಸಂಸಾರ ಟಾಂಗಾ ನಿಲ್ಲಿಸಿ ಯಾವುದೋ ಛತ್ರದ ದಾರಿ ಕೇಳಿತು. ಆ ಹೆಸರನ್ನು ಅಣ್ಣ ಅದುವರೆಗೆ ಕೇಳಿಯೇ ಇರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಆದರೂ ಎಡಕ್ಕೆ, ಆಮೇಲೆ ಬಲಕ್ಕೆ, ನಲ್ಲಿ ದಾಟಿ ಮೂರನೆಯ ಕಟ್ಟಡ ಎಂದು ಕೈಬೀಸಿ ಕಳಿಸಿಬಿಟ್ಟರು. ಅಲ್ಲಿ ನಿಜಕ್ಕೂ ಒಂದು ಛತ್ರವಿತ್ತು, ಅದರಲ್ಲಿ ನಿಜಕ್ಕೂ ಒಂದು ಮದುವೆ ನಡೆದಿತ್ತು. ಆ ಸಂಸಾರ ಊಟ ಮುಗಿಸಿ, ಮುಯ್ಯಿ ಓದಿಸಿ, ಹೊರಡುವ ಮುಂಚೆ ಅಕ್ಷತೆ ಹಾಕಲು ಹೋಗಿ ನೋಡಿದರೆ ಹೆಣ್ಣೂ ಅವರದಲ್ಲ, ಗಂಡೂ ಅವರದಲ್ಲ. ಮಾರನೆಯ ದಿನ ಆ ಯಜಮಾನರು ಜಗಳಕ್ಕೆಂದೇ ಬಂದರು. ಅಣ್ಣ ಗಾಬರಿಯಾಗಲಿಲ್ಲ. ಊಟ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಎಂದು ಆತ ಒಪ್ಪಿಕೊಳ್ಳಲೇಬೇಕಾಯಿತು. ಮತ್ತೇನು, ಎಂದರು ಅಣ್ಣ.

ನಮ್ಮ ಮನೆಯಲ್ಲಿ ಈ ಕತೆ ಹೇಳಿ ನಕ್ಕಷ್ಟು ಬೇರಾವುದಕ್ಕೂ ನಕ್ಕಿಲ್ಲ. ಮುಯ್ಯಿ ಓದಿಸಬೇಕಾಗಿದ್ದ ಆ ಇನ್ನೊಂದು ಮದುವೆಮನೆಯಲ್ಲಿ ಯಾರು ಇವರಿಗಾಗಿ ಬಾಗಿಲ ಕಡೆ ನೋಡುತ್ತಾ ನಿಂತಿದ್ದರೋ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ನಾನು ಅಮೆರಿಕಕ್ಕೆ ಬಂದಾಗ ಕಾಯಿಲೆಯೂ ಜೊತೆಗೇ ಬಂತು. ಮ್ಯಾನ್‌ಹಾಟನ್ನಿನ ಒಂದು ಇನ್ಶೂರೆನ್ಸ್ ಕಚೇರಿಗೆ ಕಮ್ಯೂಟ್ ಮಾಡುತ್ತಿದ್ದ ವರ್ಷಗಳಲ್ಲಿ ದಿನವೂ ಸೀಕಾಕಸ್ಸಿನಲ್ಲಿ ರೈಲು ಬದಲಿಸುತ್ತಿದ್ದೆ. ಅಲ್ಲಿನ ಮೇಲಂತಸ್ತು ಕೆಳಅಂತಸ್ತುಗಳ ನಡುವೆ ದಿಕ್ಕು ತಪ್ಪಿದವರು ಬೇಕಾದಷ್ಟು ಮಂದಿ. ಏರ್‌ಪೋರ್ಟಿಗೆ ಹೋಗಬೇಕಾಗಿದ್ದ ಒಬ್ಬ ಹೆಂಗಸನ್ನು, ಅವಳ ಎರಡು ದೊಡ್ಡ ಸೂಟ್‌ಕೇಸುಗಳನ್ನು ನಾನೇ ಎತ್ತಿಕೊಟ್ಟು, ಮಾರಿಸ್‌ಟೌನಿನ ರೈಲು ಹತ್ತಿಸಿದ್ದೇನೆ. ಕಿಟಕಿಯಿಂದ ಅವಳು ನನಗೆ ಕೈಬೀಸಿ ಥ್ಯಾಂಕ್ಸ್ ಹೇಳುತ್ತಿರುವಾಗ ನನಗೆ ತಪ್ಪು ಗೊತ್ತಾಯಿತು. ನಾನೂ ಕೈಬೀಸಿದೆ.

ಇಷ್ಟರವರೆಗಿನದ್ದು ನಗುವ ಮಾತು. ಮುಂದಿನದನ್ನು ನಗುತ್ತಾ ಹೇಳಲು ಎರಡು ಮೂರು ಸಲ ಪ್ರಯತ್ನಪಟ್ಟೆ, ಆಗಲಿಲ್ಲ.

ನಾನು ರಿಟೈರ್ ಆದ ವರ್ಷವೇ ನನ್ನ ಹೆಂಡತಿ ವತ್ಸಲಾಗೆ ನ್ಯೂಜೆರ್ಸಿ ರಾಜ್ಯದ ದಕ್ಷಿಣ ಭಾಗದ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ದೊಡ್ಡ ಕೆಲಸ ಸಿಕ್ಕಿತು. ಪೈನ್ ಕಾಡಿನ ಅಂಚಿನ ಒಂದು ಪುಟ್ಟ ಊರಿಗೆ ಬಂದೆವು. ಒಂದು ಟ್ರಾಫಿಕ್ ಲೈಟು, ಒಂದು ಡೈನರ್, ಎರಡು ಚರ್ಚು. ಕರಿಬೇವು ಬೇಕೆಂದರೆ ನಲವತ್ತು ನಿಮಿಷ ಡ್ರೈವ್ ಮಾಡಬೇಕು. ನಾವು ಬಿಟ್ಟುಬಂದ ಉತ್ತರದ ಕಡೆಯ ಕನ್ನಡದ ಗೆಳೆಯರು, ಅದೂ ಜೆರ್ಸೀನೇ ಏನಯ್ಯಾ ಎಂದು ಕೇಳುತ್ತಿದ್ದರು. ಹಿಂದೆ ಇಲ್ಲಿ ಗಾಜಿನ ಕಾರ್ಖಾನೆಯೊಂದಿತ್ತಂತೆ. ಈಗ ಅದರ ಒಂದು ಗೋಡೆಯೂ ಇಲ್ಲ. ಆದರೆ ಹಿತ್ತಲಲ್ಲಿ ಮೆಣಸಿನಗಿಡಕ್ಕೆಂದು ಗುಂಡಿ ತೋಡಿದರೆ ಹಸಿರು ಗಾಜಿನ ಗಟ್ಟಿಗಳು ಆಲೂಗಡ್ಡೆಯ ಹಾಗೆ ಎದ್ದುಬರುತ್ತವೆ.

ಉಳಿದಿರುವುದು ಆ ಕಾರ್ಖಾನೆಯ ಯಜಮಾನರ ಮನೆ. ಬಿಳಿ ಬಣ್ಣದ ಎರಡಂತಸ್ತಿನ ಮರದ ಮನೆ. ಈಗ ಅದು ಊರಿನ ಮ್ಯೂಸಿಯಂ. ಊರಿನ ಮೊದಲ ಅಂಚೆಪೆಟ್ಟಿಗೆ, ಬ್ಯಾಂಡಿನವರ ಡೋಲು, ಯುದ್ಧಕ್ಕೆ ಹೋದವರ ಫೋಟೋಗಳು, ಯಾರದೋ ಮದುವೆಯ ಗೌನು, ಎಲ್ಲವೂ ಅಲ್ಲಿ ಬಂದು ಸೇರಿಕೊಂಡಿವೆ. ಮನೆಯಲ್ಲಿ ಕೂತು ವತ್ಸಲಾಗೆ ಸಾರಿಗೆ ಎಷ್ಟು ಹುಣಿಸೆ ಹಾಕಬೇಕೆಂದು ನಾನು ಹೇಳಿಕೊಡಲು ಶುರುಮಾಡಿದಾಗ ಅವಳು ಆ ಮ್ಯೂಸಿಯಮ್ಮಿನ ಒಂದು ಚೀಟಿ ತಂದು ನನ್ನ ಮುಂದೆ ಇಟ್ಟಳು. ವಾಲಂಟಿಯರ್‌ಗಳು ಬೇಕಾಗಿದ್ದಾರೆ. ನಿಮ್ಮ ಜ್ಞಾನ ಊರಿಗೂ ಸ್ವಲ್ಪ ಸಿಗಲಿ ಎಂದಳು.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವಳು ಕ್ಯಾರಲ್. ಲೈಬ್ರರಿಯಲ್ಲಿ ಕೆಲಸಮಾಡಿ ನಿವೃತ್ತಳಾದವಳು, ಸಣ್ಣ ದನಿಯವಳು. ನನ್ನ ಕೈಗೆ ಒಂದು ಫೈಲು ಕೊಟ್ಟು, ಈ ಮನೆಯ ಬಗ್ಗೆ ನಮಗೆ ತಿಳಿದಿರುವುದೆಲ್ಲ ಇದರಲ್ಲಿದೆ, ಇದರಲ್ಲಿ ಇಲ್ಲದ್ದನ್ನು ಯಾರಾದರೂ ಕೇಳಿದರೆ ಗೊತ್ತಿಲ್ಲ ಎಂದುಬಿಡು, ಅದರಿಂದ ಯಾರಿಗೂ ಬೇಸರವಾಗುವುದಿಲ್ಲ ಎಂದಳು. ಮೊದಲ ದಿನವೇ ಹೇಳಿದ್ದಳು. ಹೇಳಲಿಲ್ಲ ಎಂದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಆ ಮನೆಯ ಹಿಂಭಾಗದಲ್ಲಿ ಅಡುಗೆಮನೆ. ಅದರ ಕಿಟಕಿಯಲ್ಲಿ ಗೇಣುದ್ದದ ಒಂದು ನೀಲಿ ಗಾಜಿನ ಜಗ್ಗು ಇತ್ತು. ಬೆಳಗಿನ ಬಿಸಿಲು ಅದರೊಳಗಿಂದ ಹಾದು ನೆಲದ ಮೇಲೆ ಬಿದ್ದರೆ, ಬಂದವರೆಲ್ಲ ಮುಂದಿನ ಕೋಣೆಯ ಬೆಳ್ಳಿ ಸಾಮಾನನ್ನು ಬಿಟ್ಟು ಇದರ ಮುಂದೆ ನಿಲ್ಲುತ್ತಿದ್ದರು. ಜಗ್ಗಿನ ಹಿಡಿ ಒಂದು ಕಡೆ ಸೊಟ್ಟ. ಪಕ್ಕದ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು: ಮಾಡಿದವರು ಯಾರೆಂದು ತಿಳಿಯದು. ಅಡುಗೆಮನೆಯ ಮೇಲೆ, ಇಕ್ಕಟ್ಟಿನ ಮೆಟ್ಟಿಲು ಹತ್ತಿ ತಲೆ ಬಗ್ಗಿಸಿ ಹೋಗಬೇಕಾದ ಒಂದು ಗೂಡಿನಂಥ ಕೋಣೆ. ಮನೆಯ ಹಳೆಯ ಪಟ್ಟಿಯೊಂದರಲ್ಲಿ ‘ಹ್ಯಾನಾ, ಅಡುಗೆ’ ಎಂದಿರುವುದರಿಂದ ಅದು ಹ್ಯಾನಾ ಎಂಬ ಕಪ್ಪು ಹೆಂಗಸಿನ ಕೋಣೆ ಇರಬೇಕು ಎಂದು ಫೈಲಿನಲ್ಲಿತ್ತು. ಆಕೆಯ ಬಗ್ಗೆ ಇದ್ದದ್ದು ಇಷ್ಟೇ. ಗುಲಾಮಗಿರಿ ದೂರದ ದಕ್ಷಿಣದ ರಾಜ್ಯಗಳದ್ದು ಎಂದುಕೊಂಡಿದ್ದ ನನಗೆ, ಜೆರ್ಸಿಯಲ್ಲೂ ಅದಿತ್ತು ಎಂಬುದು ಗೊತ್ತಾದದ್ದೇ ಆ ಫೈಲಿನಿಂದ. ಕಾನೂನು ಬದಲಾದ ಮೇಲೂ ಇಂತಿಷ್ಟು ವರ್ಷ ಯಜಮಾನನ ಮನೆಯಲ್ಲಿ ದುಡಿಯಲೇಬೇಕು, ಬಿಟ್ಟು ಹೋಗುವ ಹಾಗಿಲ್ಲ ಎಂಬ ಕಟ್ಟು ಹ್ಯಾನಾಳಂಥವರ ಮೇಲೆ ಇತ್ತಂತೆ.

ಒಂದು ಶನಿವಾರ ಪುಟ್ಟ ಹುಡುಗಿಯೊಬ್ಬಳನ್ನು ಕರೆದುಕೊಂಡು ಒಬ್ಬ ತಾಯಿ ಬಂದಳು. ಇದು ಯಾರದು, ಹಿಡಿ ಯಾಕೆ ಸೊಟ್ಟ ಎಂದು ಆ ಹುಡುಗಿ ಕೇಳಿತು. ನನ್ನ ಬಾಯಿ ತೆರೆಯಿತು. ಈ ಮನೆಯ ಯಜಮಾನನಿಗೆ ನಿನ್ನಷ್ಟೇ ದೊಡ್ಡ ಮಗಳಿದ್ದಳು, ಅಡುಗೆಯ ಹ್ಯಾನಾ ಎಂದರೆ ಅವಳಿಗೆ ಪ್ರಾಣ, ಹ್ಯಾನಾಗೆ ಏನಾದರೂ ಕೊಡಬೇಕು ಅಂತ ಅಪ್ಪನ ಕಾರ್ಖಾನೆಗೆ ಹೋಗಿ ಇದನ್ನು ಮಾಡಿಸಿದಳು, ಹಿಡಿಯನ್ನು ತಾನೇ ಅಂಟಿಸುತ್ತೇನೆಂದು ಹಟ ಮಾಡಿದಳು, ಅದಕ್ಕೇ ಸೊಟ್ಟ. ಹುಡುಗಿ ಜಗ್ಗನ್ನು ನೋಡಿ ನಕ್ಕಿತು. ತಾಯಿಯ ಕಣ್ಣು ಒದ್ದೆಯಾಯಿತು. ನನಗೆ ಆ ದಿನವೆಲ್ಲ ಏನೋ ಪುಣ್ಯದ ಕೆಲಸ ಮಾಡಿದ ಹಾಗಿತ್ತು.

ಕತೆ ಒಂದು ಸಲ ಹುಟ್ಟಿದ ಮೇಲೆ ಬೆಳೆಯದೆ ಇರುತ್ತದೆಯೇ? ಮುಂದಿನ ವಾರಗಳಲ್ಲಿ ಹ್ಯಾನಾಳ ದುಡಿಮೆಯ ಗಡುವು ಮುಗಿಯಿತು. ಹೋಗಮ್ಮಾ, ನೀನಿನ್ನು ಸ್ವತಂತ್ರಳು ಎಂದರು ಯಜಮಾನರು. ಇದೇ ನನ್ನ ಮನೆ, ನಾನೆಲ್ಲಿಗೂ ಹೋಗುವುದಿಲ್ಲ ಎಂದಳು ಹ್ಯಾನಾ. ಆಕೆ ಈ ಮನೆಯವಳ ಹಾಗೇ ಇದ್ದಳು, ಎಂದು ನಾನು ದನಿ ತಗ್ಗಿಸಿ ಮುಗಿಸುತ್ತಿದ್ದೆ. ದೂರದ ಊರಿನಲ್ಲಿರುವ ಮೊಮ್ಮಗಳು ರಜೆಯಲ್ಲಿ ಬಂದಾಗ ಅವಳಿಗೂ ಹೇಳಿದೆ. ತಾತಾ, ಈಸ್ ದಟ್ ರಿಯಲೀ ಟ್ರೂ ಎಂದು ಕೇಳಿದಳು. ಮತ್ತೇನು ಎಂದೆ. ಅಣ್ಣನ ದನಿಯೇ ಅದು.

ಒಂದು ದಿನ ನನ್ನ ಟೂರಿನ ಹಿಂದೆ ಕ್ಯಾರಲ್ ನಿಂತು ಕೇಳುತ್ತಿದ್ದಳು. ನಾನು ನೋಡಿರಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, ಶ್ರೀ, ಇದು ಎಲ್ಲಿ ಸಿಕ್ಕಿತು ಎಂದಳು. ನನ್ನ ಉದ್ದದ ಹೆಸರನ್ನು ಅವಳು ಅಷ್ಟಕ್ಕೆ ಇಳಿಸಿದ್ದಳು. ಮಹಡಿಯ ಮೇಲೆ ಯಾರೂ ಪೂರ್ತಿ ತೆಗೆದು ನೋಡದ ಹಳೆಯ ಪತ್ರಗಳ ಪೆಟ್ಟಿಗೆಗಳಿದ್ದವು. ಆ ಪತ್ರಗಳಲ್ಲಿ, ಎಂದೆ. ಅವಳು ಮರುಮಾತಾಡದೆ ನಂಬಿದಳು. ತಿಂಗಳೊಳಗೆ ಆ ಒಂದು ಸಾಲಿನ ಕಾರ್ಡು ಹೋಗಿ, ನನ್ನ ಕತೆ ಅಚ್ಚಾಗಿ, ಚೌಕಟ್ಟು ಹಾಕಿಸಿಕೊಂಡು ಜಗ್ಗಿನ ಪಕ್ಕದಲ್ಲಿ ಕೂತಿತು. ಅದನ್ನು ನೋಡಿದ ದಿನ ಅದರ ಮುಂದೆ ನಿಲ್ಲದೆ ಹೊರಗೆ ಒಂದು ಸುತ್ತು ಹೋಗಿಬಂದೆ. ಆದರೆ ವತ್ಸಲಾಗೆ ಅದರ ಫೋಟೋ ಕಳಿಸಿದೆ. ಅದೂ ನಿಜ.

ಸೆಪ್ಟೆಂಬರಿನ ಒಂದು ಗುರುವಾರ ಒಬ್ಬರೇ ಒಬ್ಬರು ಬಂದರು. ಎಂಬತ್ತರ ಹತ್ತಿರದ ಕಪ್ಪು ಮಹಿಳೆ. ಬಿಳಿಯ ಗಿಡ್ಡ ಕೂದಲು, ಕೈಯಲ್ಲಿ ಕೋಲು, ಇಸ್ತ್ರಿ ಮಾಡಿದ ನೀಲಿ ಕಾರ್ಡಿಗನ್. ಹೆಸರು ಲೊರೇನ್ ಎಂದರು. ಮುಂದಿನ ಕೋಣೆಯಿಂದ ಶುರುಮಾಡೋಣ ಎಂದೆ. ಅವರು ಬೇಡವೆಂದು, ಅಡುಗೆಮನೆ ಎಲ್ಲಿ ಎಂದು ಕೇಳಿ, ಸೀದಾ ಅಲ್ಲಿಗೇ ನಡೆದರು. ಬಾಗಿಲಲ್ಲಿ ನಿಂತು ಕಿಟಕಿಗಳನ್ನು ಒಂದೊಂದಾಗಿ ನೋಡಿದರು. ಜಗ್ಗು ಕಂಡದ್ದೇ, ಅದು ಇದೆ ಎಂದು ತಮಗೆ ತಾವೇ ಹೇಳಿಕೊಂಡು, ಯಾರೂ ಕೂರದಿರಲೆಂದು ಹಗ್ಗ ಕಟ್ಟಿದ್ದ ಕುರ್ಚಿಯ ಹಗ್ಗ ಸರಿಸಿ ಕೂತುಬಿಟ್ಟರು. ನಾನು ತಡೆಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಕನ್ನಡಕ ಒರೆಸಿಕೊಂಡು ಕಾರ್ಡು ಓದಿದರು. ಮತ್ತೆ ಮೊದಲಿಂದ ಓದಿದರು.

“ಇದು ನಿಮಗೆ ಎಲ್ಲಿ ಸಿಕ್ಕಿತು?”

ಈ ಪ್ರಶ್ನೆ ಕೇಳಿದವರಲ್ಲಿ ಅವರು ಮೊದಲಿನವರಲ್ಲವಲ್ಲ, ಉತ್ತರ ಸಿದ್ಧವಾಗಿಯೇ ಇತ್ತು. ಮನೆಯವರ ಹಳೆಯ ಪತ್ರಗಳಲ್ಲಿ ಎಂದೆ.

ಆಗ ಅವರು ಹೇಳಿದರು. ಹ್ಯಾನಾ ಎಂದರೆ ಲೊರೇನ್ ಅವರ ಅಜ್ಜಿಯ ಅಜ್ಜಿ. ಅವರ ತಾಯಿ ಮಕ್ಕಳಿಬ್ಬರಿಗೂ, ಅಂದರೆ ಇವರಿಗೂ ಇವರ ತಂಗಿ ರೂತ್‌ಗೂ, ತಲೆ ಬಾಚುವಾಗ ಹೇಳುತ್ತಿದ್ದ ಕತೆ ಒಂದಿತ್ತು. ಹ್ಯಾನಾಳ ಗಂಡ ಸ್ಯಾಮುಯೆಲ್ ಗಾಜಿನ ಕಾರ್ಖಾನೆಯ ಕುಲುಮೆಗೆ ಸೌದೆ ಹೊರುತ್ತಿದ್ದ. ಗಾಜು ಊದುವ ಕೆಲಸ ಅವನಂಥವರಿಗೆ ಕಲಿಸುತ್ತಿರಲಿಲ್ಲ. ನೋಡಿ ನೋಡಿ ಕಲಿತು, ಒಂದು ಸಂಜೆ ಎಲ್ಲರೂ ಹೋದ ಮೇಲೆ ಉಳಿದ ಗಾಜಿನಲ್ಲಿ ಹೆಂಡತಿಗೆ ಒಂದು ನೀಲಿ ಜಗ್ಗು ಮಾಡಿದ. ಹಿಡಿ ಕೂರಿಸಲು ಯಾರೂ ಹೇಳಿಕೊಟ್ಟಿರಲಿಲ್ಲ, ಸೊಟ್ಟಗಾಯಿತು. ಹ್ಯಾನಾ ಗಡುವು ಮುಗಿಯಲು ಕಾಯಲಿಲ್ಲ. ಒಂದು ಚಳಿಗಾಲದ ಬೆಳಗ್ಗೆ ಕೂಸನ್ನು ಎತ್ತಿಕೊಂಡು ಈ ಅಡುಗೆಮನೆಯ ಬಾಗಿಲಿಂದ ಹೊರಟು, ಕಾಡಿನೊಳಗಿನಿಂದ ನಡೆದು ಹೋದಳು. ಕೂಸೂ ಜಗ್ಗೂ ಎರಡನ್ನೂ ಹೊರಲಾಗದೆ ಜಗ್ಗನ್ನು ಕಿಟಕಿಯಲ್ಲಿ ಬಿಟ್ಟಳು.

“ಅದು ಇದೆಯೋ ಇಲ್ಲವೋ ನೋಡೋಣ ಅಂತ ಬಂದೆ,” ಎಂದರು. “ಅಮ್ಮ ಹೇಳಿದ್ದನ್ನು ರೂತ್ ಅಕ್ಷರಶಃ ನಂಬ್ತಾಳೆ. ನಾನು ಮ್ಯಾಥ್ ಟೀಚರ್. ಪ್ರೂಫ್ ಎಲ್ಲಿ ಅಂತ ಅವಳನ್ನ ಯಾವಾಗಲೂ ರೇಗಿಸ್ತಿದ್ದೆ.” ಕಾರ್ಡಿನ ಮೇಲೆ ಬೆರಳಿಟ್ಟರು. “ಹಾಗಾದರೆ ಅವಳು ಹೋಗಲೇ ಇಲ್ಲ. ಅಮ್ಮ ಹೇಳಿದ್ದು ತಪ್ಪು.”

ಪ್ರಿಯ ಓದುಗರೇ, ಆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬಂದ ಮಾತನ್ನೆಲ್ಲ ಆಡಿದ ನನಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಮನೆಮಾತುಗಳು ಕಾಲ ಕಳೆದ ಹಾಗೆ ಬದಲಾಗುತ್ತಾ ಹೋಗುತ್ತವೆ, ಎಂದು ವಿದ್ವಾಂಸನ ಹಾಗೆ ಹೇಳಿದೆ. ಅವರು ತಲೆಯಾಡಿಸಿದರು. ಆ ಪತ್ರದ ಒಂದು ಕಾಪಿ ಬೇಕೆಂದು ವಿಳಾಸ ಬರೆದುಕೊಟ್ಟರು. ಕಳಿಸುತ್ತೇನೆ ಎಂದೆ. ಹೋಗುವಾಗ ನನಗೆ ಥ್ಯಾಂಕ್ಸ್ ಹೇಳಿದರು.

ವಿಳಾಸದ ಚೀಟಿಯನ್ನು ಮೇಜಿನ ಡ್ರಾಯರಿನಲ್ಲಿ ಹಾಕಿದೆ. ಅಕ್ಟೋಬರಿನಲ್ಲಿ ಅವರಿಂದ ಒಂದು ಕಾಗದ ಬಂತು, ದುಂಡಗಿನ ಟೀಚರ್ ಅಕ್ಷರದಲ್ಲಿ, ಬಹಳ ಮರ್ಯಾದೆಯಿಂದ. ಅದನ್ನೂ ಡ್ರಾಯರಿಗೆ ಹಾಕಿದೆ. ಚಳಿಗಾಲ ಶುರುವಾದ ಮೇಲೆ ಅವರು ಮ್ಯೂಸಿಯಮ್ಮಿಗೇ ಫೋನ್ ಮಾಡಿದರು, ಎತ್ತಿದವಳು ಕ್ಯಾರಲ್. ಯಾವ ಪೆಟ್ಟಿಗೆ ಶ್ರೀ ಎಂದು ಅವಳು ನನ್ನನ್ನು ಕೇಳಿದಾಗ, ಬೇರೆ ಪೆಟ್ಟಿಗೆಗೆ ಸೇರಿಹೋಗಿರಬೇಕು ಎಂದೆ. ಕ್ಯಾರಲ್‌ಗೆ ಧೂಳು ಕಂಡರಾಗದು. ಆದರೂ ಮಾಸ್ಕ್ ಹಾಕಿಕೊಂಡು ಮೂರು ವಾರ, ಸೀನುತ್ತಾ, ಒಂದೊಂದೇ ಪೆಟ್ಟಿಗೆ ಇಳಿಸಿ ಒಂದೊಂದೇ ಹಾಳೆ ತಿರುವಿದಳು. ಏಣಿ ಹಿಡಿದುಕೊಂಡಿದ್ದವನು ನಾನು. ಇಲ್ಲದ ಪತ್ರವನ್ನು ಅವಳ ಜೊತೆ ನಾನೂ ಹುಡುಕಿದೆ. ಒಂದು ಕಡೆ, ಆ ಕಟ್ಟು ನೋಡಿದೆಯಾ ಎಂದು ಅವಳಿಗೇ ತೋರಿಸಿದೆ ಕೂಡ. ಕಳ್ಳನೇ ಲಾಂದ್ರ ಹಿಡಿದು ಮನೆಯವರ ಜೊತೆ ಹುಡುಕಿದ ಹಾಗೆ.

ಮಾರ್ಚಿನಲ್ಲಿ ಒಂದು ಭಾನುವಾರ ಬೆಳಗ್ಗೆ ವತ್ಸಲಾ ವಾರದ ಮಾತ್ರೆಗಳನ್ನು ನನ್ನ ಡಬ್ಬಿಯ ಖಾನೆಗಳಿಗೆ ತುಂಬುತ್ತಿದ್ದಳು. ಅಷ್ಟು ಹೊತ್ತಿಗೆ ನಾನು ಮ್ಯೂಸಿಯಮ್ಮಿಗೆ ಹೋಗುವುದನ್ನು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ, ಊಟವೂ ಸೇರುತ್ತಿರಲಿಲ್ಲ. ಏನಾಗಿದೆ ಎಂದು ಅವಳು ಕೇಳಿದಳು. ಹೇಳಿಬಿಟ್ಟೆ. ಅವಳು ಶನಿವಾರದ ಖಾನೆಯವರೆಗೂ ತುಂಬಿ ಮುಚ್ಚಳ ಹಾಕಿದಳು.

“ಈ ಕತೆ ನಿಮಗೆ ಹೊಳೆದಿದ್ದಾದರೂ ಎಲ್ಲಿಂದ ರೀ?” ಎಂದಳು. “ಮನೆಯವಳ ಹಾಗೇ ಇದ್ದಳು, ಹೋಗು ಅಂದರೂ ಹೋಗಲಿಲ್ಲ ಅನ್ನೋದು. ಯಾರೂ ಹೇಳದೆ ಹೇಗೆ ಬಂತು ಬಾಯಿಗೆ?”

ಎದ್ದು ಹಿತ್ತಲ ಬಾಗಿಲ ಹತ್ತಿರ ಹೋಗಿ ನಿಂತೆ. ನಿಂತ ಮೇಲೆ ನೆನಪಾದಳು ನಂಜಮ್ಮ.

ಮೈಸೂರಿನ ಮನೆಯಲ್ಲಿ ನಾನು ಹುಟ್ಟುವ ಮುಂಚಿನಿಂದ ನಂಜಮ್ಮ ಪಾತ್ರೆ ತಿಕ್ಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ನನಗೆ ಸಿಡುಬು ಎದ್ದಾಗ ಬೇವಿನ ಸೊಪ್ಪು ತಂದುಕೊಟ್ಟವಳು ಅವಳೇ. ಬಂದವರಿಗೆಲ್ಲ ಅಮ್ಮ, ನಂಜಮ್ಮ ನಮ್ಮನೆಯವಳ ಹಾಗೇ ಕಣ್ರೀ, ಹೋಗು ಅಂದರೂ ಹೋಗಲ್ಲ ಎನ್ನುತ್ತಿದ್ದಳು. ನಮ್ಮನೆಯವಳ ಹಾಗೇ ಇದ್ದ ನಂಜಮ್ಮ ಹಿತ್ತಲ ನಲ್ಲಿಯಿಂದ ಈಚೆಗೆ ಬರುತ್ತಿರಲಿಲ್ಲ. ಅವಳ ಕಾಫಿಯ ಲೋಟ ಬಚ್ಚಲ ಗೂಡಿನಲ್ಲಿ ಬೇರೆ ಇರುತ್ತಿತ್ತು. ಅಮ್ಮ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು, ಪಾತ್ರೆಯ ಕಂಠ ಆ ಲೋಟಕ್ಕೆ ತಾಕದ ಹಾಗೆ. ಆ ಕೆಲಸವನ್ನು ನಾನೂ ಎಷ್ಟೋ ಸಲ ಮಾಡಿದ್ದೇನೆ. ಒಂದು ಹನಿ ಹೊರಗೆ ಚೆಲ್ಲದ ಹಾಗೆ ಎತ್ತರದಿಂದ ಹೊಯ್ಯುವುದು ನನಗೆ ಒಂದು ಆಟವಾಗಿತ್ತು, ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮುಖ ಹಿಂದಕ್ಕೆ ಮಾಡಿ ಕೂರುತ್ತಿದ್ದಳು, ಬಿಸಿ ಸಿಡಿಯದಿರಲೆಂದು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅವಳು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಇತ್ತೀಚೆಗೆ ಅವಳಿಗೆ ಜಂಬ ಬಂದಿತ್ತು ಎಂದಳು ಅಮ್ಮ. ಎರಡು ದಿನದಲ್ಲಿ ಬೇರೆ ಯಾರೋ ಸಿಕ್ಕರು. ನಂಜಮ್ಮನ ಮನೆ ಯಾವ ಬೀದಿಯಲ್ಲಿ, ಅವಳಿಗೆ ಮಕ್ಕಳೆಷ್ಟು, ಅವಳು ಕಾಯಿಲೆ ಬಿದ್ದಳೋ, ಬೇಕೆಂದೇ ಬಿಟ್ಟು ಹೋದಳೋ, ನಮ್ಮ ಮನೆಯಲ್ಲಿ ಯಾರೂ ಹೋಗಿ ಕೇಳಲಿಲ್ಲ. ಊರಿಗೆಲ್ಲ ದಾರಿ ಹೇಳುತ್ತಿದ್ದ ಅಣ್ಣನಿಗೆ ಅವಳ ಮನೆಯ ದಾರಿ ಗೊತ್ತಿರಲಿಲ್ಲ.

ಹ್ಯಾನಾಳ ಬಾಯಲ್ಲಿ ನಾನು ಇಟ್ಟದ್ದು ನಮ್ಮಮ್ಮನ ಮಾತು. ಅದನ್ನು ಯಜಮಾನರ ಮನೆಯ ಮಕ್ಕಳಲ್ಲದೆ ಇನ್ನಾರು ಕಟ್ಟಿಯಾರು?

ವತ್ಸಲಾಗೆ ಇದನ್ನೆಲ್ಲ ಹೇಳಿದಾಗ ಅವಳು, ಮೊದಲು ಕ್ಯಾರಲ್‌ಗೆ ಹೇಳಿ, ಫೋನಲ್ಲಿ ಬೇಡ ಎಂದಷ್ಟೇ ಅಂದಳು. ಮಂಗಳವಾರ ಮ್ಯೂಸಿಯಂ ತೆರೆದಾಗ ಹೋದೆ. ಕ್ಯಾರಲ್ ನನ್ನನ್ನು ಬೈಯಲೆಂದು ಕಾದೆ. ಅವಳು ಬೈಯಲಿಲ್ಲ. ಪತ್ರ ತೋರಿಸು ಅಂತ ನಾನು ಅವತ್ತೇ ಕೇಳಬೇಕಾಗಿತ್ತು ಎಂದಳು. ಕೇಳಲಿಲ್ಲ, ಯಾಕೆಂದರೆ ಅದು ನಿಜವಾಗಿರಲಿ ಎಂದು ನನಗೂ ಆಸೆಯಿತ್ತು, ನಮ್ಮ ಊರಿನವರಿಗೆಲ್ಲ ಇರುತ್ತದೆ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಚೌಕಟ್ಟನ್ನು ಬೋರಲು ಹಾಕಿ ಬಂದು, ನನ್ನ ಬ್ಯಾಡ್ಜ್‌ಗಾಗಿ ಕೈಚಾಚಿದಳು. ಕೊಟ್ಟೆ. ಲೊರೇನ್‌ಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದಳು.

ಈಗ ಅಲ್ಲಿ ಹೊಸ ಕಾರ್ಡು ಬಂದಿದೆ. ಸ್ಯಾಮುಯೆಲ್ ಎಂಬವನು ಮಾಡಿದ್ದೆಂದು ಹ್ಯಾನಾಳ ಸಂತತಿಯವರ ಮನೆಮಾತು, ಎಂದು ಶುರುವಾಗುತ್ತದೆ. ಒಂದೊಂದು ಪದವನ್ನೂ ಲೊರೇನ್ ಅವರೇ ಹೇಳಿ ಬರೆಸಿದ್ದು. ನಾನು ಟೂರ್ ಕೊಡುವುದಿಲ್ಲ. ಕ್ಯಾರಲ್ ದೊಡ್ಡ ಮನಸ್ಸಿನವಳು, ಸೋಮವಾರ ಮ್ಯೂಸಿಯಂ ಮುಚ್ಚಿರುವಾಗ ಹೋಗಿ ಕಿಟಕಿಯ ಗಾಜು ಒರೆಸಲು ಬಿಟ್ಟಿದ್ದಾಳೆ. ಮೊಮ್ಮಗಳಿಗೂ ಹೇಳಿದೆ, ಅದು ಸುಳ್ಳು ಪುಟ್ಟಾ ಎಂದು. ಯು ಸೆಡ್ ಇಟ್ ವಾಸ್ ಟ್ರೂ ಎಂದು ಫೋನನ್ನು ಅವಳ ಅಮ್ಮನಿಗೆ ಕೊಟ್ಟಳು. ಇದೆಲ್ಲ ಆಮೇಲಿನದು. ನಡುವೆ ನಡೆದದ್ದನ್ನು ಹೇಳದೆ ಇಲ್ಲಿಗೆ ಹಾರಿಬಂದದ್ದು ಯಾಕೆ ಎಂದು ನಿಮಗೆ ಗೊತ್ತಾಗಿರಬೇಕು.

ಲೊರೇನ್ ಅವರ ಮನೆ ಕ್ಯಾಮ್ಡನ್ನಿನ ಹತ್ತಿರ, ಇಟ್ಟಿಗೆಯ ಸಾಲುಮನೆಗಳಲ್ಲಿ ಒಂದು. ವತ್ಸಲಾ ಡ್ರೈವ್ ಮಾಡಿದಳು. ಫೋನ್ ಮಾಡಿಯೇ ಹೋಗಿದ್ದೆವು. ಆಕೆ ಪತ್ರದ ಕಾಪಿ ಬಂತು ಎಂದುಕೊಂಡು ಟೀಗೆ ನೀರಿಟ್ಟಿದ್ದರು. ಕನ್ನಡಕವನ್ನೂ ಭೂತಗನ್ನಡಿಯನ್ನೂ ಮೇಜಿನ ಮೇಲೆ ತೆಗೆದಿಟ್ಟುಕೊಂಡಿದ್ದರು. ಅದನ್ನು ನೋಡಿ ನನ್ನ ಕಾಲು ಬಾಗಿಲಲ್ಲೇ ನಿಂತಿತು. ಹಿಂದಿನಿಂದ ವತ್ಸಲಾ ಬೆನ್ನಿಗೆ ಕೈಯಿಟ್ಟಳು.

ಪತ್ರ ಇಲ್ಲ, ಯಾವತ್ತೂ ಇರಲಿಲ್ಲ, ಕತೆ ನಾನು ಕಟ್ಟಿದ್ದು ಎಂದು ಹೇಳಿದೆ. ಯಾಕೆ ಕಟ್ಟಿದೆ ಎಂದು ವಿವರಿಸಲು ಹೊರಟಾಗ ಅವರು ಕೈ ಎತ್ತಿ ನಿಲ್ಲಿಸಿದರು. ಹಾಗಾದರೆ ಹ್ಯಾನಾ ಅಲ್ಲೇ ಉಳಿದಳು ಎಂಬುದಕ್ಕೆ ಯಾವ ಆಧಾರವೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಜಗ್ಗಿನದು? ಅದೂ ಇಲ್ಲ ಎಂದೆ. ನಮ್ಮಮ್ಮ ಹೇಳಿದ ಜಾಗದಲ್ಲಿ, ಅಮ್ಮ ಹೇಳಿದ ಹಾಗೇ, ಸೊಟ್ಟ ಹಿಡಿಯ ಜಗ್ಗು ಇತ್ತು, ಅಲ್ಲವೇ ಎಂದರು. ಹೌದು ಎಂದೆ. ಲೆಕ್ಕದ ಒಂದೊಂದು ಹೆಜ್ಜೆಯನ್ನೂ ದಡ್ಡ ವಿದ್ಯಾರ್ಥಿಯ ಬಾಯಿಂದ ಹೇಳಿಸುವ ಹಾಗೆ ಹೇಳಿಸಿದರು. ಒಲೆಯ ಮೇಲೆ ಕೆಟಲ್ ಕೂಗತೊಡಗಿತು. ಅವರು ಏಳಲಿಲ್ಲ, ವತ್ಸಲಾ ಹೋಗಿ ಆರಿಸಿದಳು.

“ರೂತ್ ಜನವರಿಯಲ್ಲಿ ತೀರಿಹೋದಳು,” ಎಂದರು ಲೊರೇನ್. “ಆಸ್ಪತ್ರೆಯಲ್ಲಿ ಅವಳಿಗೆ ಹೇಳಿದೆ. ನೋಡು, ಕಾಗದದಲ್ಲೇ ಇದೆಯಂತೆ, ಹ್ಯಾನಾ ಎಲ್ಲಿಗೂ ಹೋಗಲಿಲ್ಲ, ಅಮ್ಮನ ಕತೆಯೆಲ್ಲ ಸುಮ್ಮನೆ ಅಂದೆ. ಅರವತ್ತು ವರ್ಷದ ವಾದ ಗೆದ್ದ ಖುಷಿ ನನಗೆ. ಅವಳು ಓಕೆ ಅಂದಳು. ಆಮೇಲೆ ಅದರ ಮಾತೇ ಎತ್ತಲಿಲ್ಲ.”

ಐ ಆಮ್ ಸಾರಿ ಎನ್ನುವುದು ಈ ದೇಶದಲ್ಲಿ ಅಂಗಡಿಯಲ್ಲಿ ಭುಜ ತಾಕಿದರೂ ಹೇಳುವ ಮಾತು. ಅದನ್ನೇ ಹೇಳಿದೆ. ಬೇರೆ ಮಾತು ನನಗೆ ಗೊತ್ತಿರಲಿಲ್ಲ. ಅವರು ಕೇಳಿಸಿಕೊಂಡರೋ ಇಲ್ಲವೋ, ಎದ್ದು ಕೋಲು ತೆಗೆದುಕೊಂಡು, ಬಾಗಿಲ ಹಿಂದಿನ ಕೋಟು ಹಾಕಿಕೊಂಡರು. ನನಗೆ ಹೇಳಿ ಏನು ಪ್ರಯೋಜನ, ಅವಳಿಗೆ ಹೇಳು, ನಿಮ್ಮ ಕಾರಿನಲ್ಲೇ ಹೋಗೋಣ ಎಂದರು.

ಸ್ಮಶಾನ ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಲೊರೇನ್ ಎಡ, ಬಲ ಎನ್ನುತ್ತಿದ್ದರು. ರೂತ್‌ಳ ಕಲ್ಲು ಇನ್ನೂ ಬಂದಿರಲಿಲ್ಲ. ಹುಲ್ಲು ಇನ್ನೂ ಸರಿಯಾಗಿ ಹಿಡಿಯದ ಮಣ್ಣಿನ ತಲೆದೆಸೆಯಲ್ಲಿ ಹೆಸರು ಬರೆದ ಒಂದು ಪುಟ್ಟ ತಗಡು ಇತ್ತು. ಸ್ವಲ್ಪ ದೂರದಲ್ಲಿ ಒಬ್ಬ ಎಲೆ ಗುಡಿಸುತ್ತಿದ್ದ. ವತ್ಸಲಾ ಕಾರಿನ ಹತ್ತಿರವೇ ನಿಂತಳು. ಮಾರ್ಚಿನ ಗಾಳಿ ಕಿವಿಯೊಳಗೆ ಹೋಗುತ್ತಿತ್ತು. ಅಭ್ಯಾಸಬಲದಿಂದ ಚಪ್ಪಲಿ ಬಿಡುವವನ ಹಾಗೆ ಬಗ್ಗಿ, ಹಾಕಿಕೊಂಡಿರುವುದು ಬೂಟು ಎಂದು ಗೊತ್ತಾಗಿ ಎದ್ದು ನಿಂತೆ. ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಬಾಯಿಂದ ಏನೇನೋ ಹೊರಟಿತು. ಅಮ್ಮಾ, ನನ್ನಿಂದ ತಪ್ಪಾಯಿತು, ನಿಮ್ಮ ತಾಯಿ ಹೇಳಿದ್ದೇ ಸರಿ ಎಂದು.

ಲೊರೇನ್ ನನ್ನ ತೋಳನ್ನು ಮುಟ್ಟಿದರು.

“ಅವಳಿಗೆ ನಿನ್ನ ಭಾಷೆ ಬರೋದಿಲ್ಲ. ಇಂಗ್ಲಿಷಿನಲ್ಲಿ ಹೇಳು.”

ಇಂಗ್ಲಿಷಿನಲ್ಲಿ ಹೇಳಿದೆ. ಕತೆ ನಾನು ಕಟ್ಟಿದ್ದು. ಕಾಗದ ಇರಲಿಲ್ಲ. ನಿಮ್ಮ ತಾಯಿಯ ಮಾತನ್ನು ಸುಳ್ಳೆನ್ನಲು ಯಾವ ಆಧಾರವೂ ಇರಲಿಲ್ಲ. ಜಗ್ಗು ಕಿಟಕಿಯಲ್ಲೇ ಇದೆ. ಅಷ್ಟು ಹೇಳುವಷ್ಟರಲ್ಲಿ ನನ್ನ ದನಿ ನನಗೇ ಕೇಳದಷ್ಟು ಇಳಿದಿತ್ತು. ಮುಗಿಯಿತು ಎಂದುಕೊಂಡು ಪಕ್ಕಕ್ಕೆ ತಿರುಗಿದೆ. ಲೊರೇನ್ ಮಣ್ಣನ್ನೇ ನೋಡುತ್ತಿದ್ದರು.

“ಇನ್ನೂ ಸ್ವಲ್ಪ ಗಟ್ಟಿಯಾಗಿ,” ಎಂದರು. “ಅವಳಿಗೆ ಕಿವಿ ಮಂದ.”

ಎಲೆ ಗುಡಿಸುತ್ತಿದ್ದವನು ಕೆಲಸ ನಿಲ್ಲಿಸಿ ನಮ್ಮ ಕಡೆ ನೋಡಿದ. ನಾನು ಗಂಟಲು ಸರಿಮಾಡಿಕೊಂಡು, ಅವನಿಗೂ ಕೇಳುವ ಹಾಗೆ, ಮೊದಲಿನಿಂದ ಹೇಳಿದೆ.